ಹಳೇ ಕಟ್ಟೆಗೆ ಬಾಗಿಲು ಇಟ್ಟ ವರ್ಷ

ಹಳೇ ಕಟ್ಟೆ ತುಂಬಿತು ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಮಳೆಗಾಲದ ನಡುವೆ ಒಂದು ದಿನ ಅದರ ಸೈಫನ್‌ಗಳು ತಾವಾಗಿಯೇ ನೀರು ಎಳೆಯಲು ಶುರು ಮಾಡುತ್ತಿದ್ದವು. ಆ ಸದ್ದು ಮೈಲುಗಳಾಚೆಯ ಹಳ್ಳಿಗಳಿಗೂ ಕೇಳುತ್ತಿತ್ತು. ಅಣೆಕಟ್ಟಿನ ಮೈಯೊಳಗೆ ಕಟ್ಟಿದ ದೊಡ್ಡ ಕೊಳವೆಗಳು ಅವು. ನೀರು ಒಂದು ಮಟ್ಟ ಮುಟ್ಟಿದರೆ ಸುರಿಯುತ್ತಿದ್ದವು, ಇಳಿದರೆ ನಿಲ್ಲುತ್ತಿದ್ದವು. ಅವಕ್ಕೆ ಬಾಗಿಲಿರಲಿಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಿನ್ನೀರಿನ ಮಟ್ಟವನ್ನು ಬೇಕಾದಾಗ ಏರಿಸುವುದಾಗಲಿ, ಬೇಡವಾದಾಗ ಇಳಿಸುವುದಾಗಲಿ ಮನುಷ್ಯರ ಕೈಯಲ್ಲಿರಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ಅದನ್ನು ಬದಲಿಸಬೇಕೆಂದು ತೀರ್ಮಾನವಾಯಿತು. ಕಟ್ಟೆಗೆ ವಯಸ್ಸಾಗಿತ್ತು. ಕಲ್ಲಿನ ಸಂದಿನ ಗಾರೆ ತೊಳೆದುಹೋಗಿ ಹಲವು ಕಡೆ ನೀರು ಜಿನುಗುತ್ತಿತ್ತು. ಹೊಳೆಯ ಕೆಳಗಡೆ ದೊಡ್ಡ ಅಣೆಕಟ್ಟಿನ ಕೆಲಸ ನಡೆದಿತ್ತು, ಅದು ಮುಗಿಯುವವರೆಗೆ ವಿದ್ಯುತ್ತಿಗೆ ಈ ಹಳೆಯ ನೀರೇ ಗತಿ. ಆದ್ದರಿಂದ ಕಟ್ಟೆಯ ಒಂದು ಭಾಗ ಒಡೆದು, ಅಲ್ಲಿ ಕಬ್ಬಿಣದ ಗೇಟುಗಳನ್ನು ಕೂರಿಸುವುದು, ಇನ್ನು ಮುಂದೆ ಹಿನ್ನೀರನ್ನು ಲೆಕ್ಕ ಹಾಕಿ ಹಿಡಿಯುವುದು, ಬಿಡುವುದು. ನಮ್ಮ ಜನ ಆ ಗೇಟುಗಳನ್ನು ಬಾಗಿಲು ಎಂದೇ ಕರೆದರು. ಕೆಲವು ವರ್ಷಗಳಲ್ಲಿ ಕೆಳಗಿನ ದೊಡ್ಡ ಅಣೆಕಟ್ಟು ತುಂಬಿ, ಹಳೇ ಕಟ್ಟೆಯೇ ಬಾಗಿಲ ಸಮೇತ ಮುಳುಗಿತು. ಈಗ ಅದನ್ನು ನೋಡಬೇಕಾದರೆ ಬೇಸಿಗೆ ಕಡುವಾಗಬೇಕು. ನಾನು ಹೇಳಹೊರಟಿರುವುದು ಬಾಗಿಲು ಇಟ್ಟ ಒಂದೇ ವರ್ಷದ ಸಂಗತಿ.

ನಾನು ಆಗ ಸಾಗರದಲ್ಲಿದ್ದು ಒಂದು ಪತ್ರಿಕೆಗೆ ವರದಿ ಬರೆಯುತ್ತಿದ್ದೆ. ಹೊಸನಗರ, ತೀರ್ಥಹಳ್ಳಿಗಳೂ ನನ್ನ ಪಾಲಿಗೇ ಇದ್ದವು. ಪತ್ರಿಕೆ ಅಚ್ಚಾಗುತ್ತಿದ್ದುದು ಶಿವಮೊಗ್ಗದಲ್ಲಿ. ದಿನವೂ ಸಂಜೆಯ ಬಸ್ಸಿನ ಕಂಡಕ್ಟರ ಕೈಗೆ ಸುದ್ದಿಯ ಲಕೋಟೆ ಕೊಡಬೇಕು. ತಾಲ್ಲೂಕಿನ ಸುದ್ದಿ ಒಂದಕ್ಕೆ ಎಂಟು ಸಾಲು. ಹೆಚ್ಚು ಬರೆದರೆ ಶಿವಮೊಗ್ಗದಲ್ಲಿ ಕತ್ತರಿ ಬೀಳುತ್ತಿತ್ತು. “ಅವರು ಕತ್ತರಿಸುವ ಮೊದಲು ನೀನೇ ಕತ್ತರಿಸಿ ಕಳಿಸು. ಓದುವವನಿಗೆ ಬೇಕಾದ್ದು ಯಾವಾಗ, ಎಲ್ಲಿ, ಏನು ಅನ್ನೋದು. ಹೀಗಾದರೆ, ಹಾಗಾದರೆ ಅನ್ನೋದೆಲ್ಲ ಯಾರಿಗೂ ಬೇಡ” ಎಂದು ನನಗೆ ಕೆಲಸ ಕಲಿಸಿದ ಉಪಸಂಪಾದಕರು ಹೇಳಿದ್ದರು. ಅವರ ಮಾತನ್ನು ನಾನು ಒಳ್ಳೆಯ ವಿದ್ಯಾರ್ಥಿಯಂತೆ ಪಾಲಿಸುತ್ತಿದ್ದೆ.

ಆ ವರ್ಷ ಚಳಿಗಾಲ ಮುಗಿಯುತ್ತಲೇ ಹಿನ್ನೀರನ್ನು ತಳದವರೆಗೆ ಬಸಿದರು. ಕಟ್ಟೆಯ ಒಂದು ಕಡೆ ಕಲ್ಲು ಒಡೆಯುವ ಕೆಲಸ ಶುರುವಾಯಿತು. ಮೇಲ್ಗಡೆ, ಹೊಸನಗರದ ದಿಕ್ಕಿನಲ್ಲಿ, ಸುಮಾರು ಇಪ್ಪತ್ತು ವರ್ಷದಿಂದ ನೀರಡಿಯಲ್ಲಿದ್ದ ನೆಲ ಬಯಲಾಯಿತು. ಬೇಸಿಗೆಯಲ್ಲಿ ಅದರ ಅಂಚು ಕಾಣುವುದು ಪ್ರತಿವರ್ಷ ಇದ್ದದ್ದೇ. ಆದರೆ ಈ ಸಲ ಮಳೆ ಬಂದರೂ ನೀರು ನಿಲ್ಲುವಂತಿರಲಿಲ್ಲ. ಗೇಟುಗಳು ದೂರದ ಕಾರ್ಖಾನೆಯಿಂದ ಬರಬೇಕಿತ್ತು, ಮಳೆಗಾಲದೊಳಗೆ ಬರುವುದಿಲ್ಲವೆಂದು ಖಚಿತವಾಗಿತ್ತು. ಅಲ್ಲಿಯವರೆಗೆ ಕಟ್ಟೆಯಲ್ಲಿ ಕೊರೆದ ಬಾಯಿ ತೆರೆದೇ ಇರುತ್ತದೆ, ಹೊಳೆ ಅದರೊಳಗೆ ಹರಿದು ಹೋಗುತ್ತದೆ.

ವೈಶಾಖದಲ್ಲಿ ನಾನು ಆ ನೆಲ ನೋಡಲು ಹೋದೆ. ಬಸ್ಸಿಳಿದು ಒಂದು ಗಂಟೆ ನಡೆಯಬೇಕು. ಕರಿ ಹಿಡಿದ ಮರದ ಬುಡಗಳು, ಹೂಳು ತುಂಬಿದ ಬಾವಿಯ ಕಟ್ಟೆ, ಬಾಗಿಲಿಲ್ಲದ ಹೊಸಿಲು, ನೆಲದಲ್ಲೇ ಕೂತ ಒಂದು ಒರಳು. ಆ ಒರಳಿನ ಮೇಲೆ ಕೂತು ಒಬ್ಬ ಹೆಂಗಸು ಎಲೆ ಅಡಿಕೆ ಹಾಕುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮುಳುಗಡೆಯ ನಂತರ ಮೇಲಿನ ಗುಡ್ಡದ ಬದಿಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ತಮ್ಮ ದೋಣಿ ನಡೆಸುವವನು, ಈಗ ನೀರಿಲ್ಲದೆ ದೋಣಿಯನ್ನು ಬೋರಲು ಹಾಕಿ ಅಕ್ಕನ ಜೊತೆ ಬಂದಿದ್ದ.

“ಇವ್ರು ಪೇಪರ್‌ನೋರು ಅಕ್ಕ. ನಿನ್ನ ಒರಳು ಪೇಪರಾಗೆ ಹಾಕ್ತಾರಂತೆ” ಎಂದ.

“ಹಾಕ್ಲಿ ಬಿಡು. ರುಬ್ಬಾಕೆ ನಿನ್ನ ಹೆಂಡ್ತಿ ಬರಾದಿಲ್ಲ, ಪೇಪರ್ ಓದಿದೋರಾದ್ರೂ ಬರ್ತಾರೇನೋ” ಎಂದರು ಅಕ್ಕ.

ಆ ನೆಲ ಸರ್ಕಾರದ್ದು. ಪರಿಹಾರ ಕೊಟ್ಟು ಎಂದೋ ಬರೆಸಿಕೊಂಡದ್ದು. ಅದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಆದರೂ ಹೂಳಿನೊಳಗಿಂದ ಗಡಿಕಲ್ಲುಗಳನ್ನು ಹುಡುಕಿ ತೆಗೆದು, ಇದು ನಿನ್ನದು, ಇದು ನನ್ನದು ಎಂದು ಅವರವರ ಗದ್ದೆಗೇ ಅವರವರು ಇಳಿದಿದ್ದರು. ಪಕ್ಕದವನ ಗದ್ದೆ ಖಾಲಿ ಬಿದ್ದಿದ್ದರೂ, ಅವನು ಸತ್ತು ಹತ್ತು ವರ್ಷವಾಗಿದ್ದರೂ ಯಾರೂ ಅದಕ್ಕೆ ನೇಗಿಲು ಹಾಕಲಿಲ್ಲ. ಆ ಗದ್ದೆಗಳು ಖಾಲಿಯೇ ಉಳಿದವು. ಇದನ್ನು ನಾನು ವರದಿಯಲ್ಲಿ ಬರೆದೆ. ಅಚ್ಚಾಗಲಿಲ್ಲ.

ಆ ಹೆಂಗಸಿನ ಗದ್ದೆ ಎಲ್ಲಕ್ಕಿಂತ ತಗ್ಗಿನದು, ಹಳೆಯ ಹೊಳೆಯ ದಂಡೆಗೆ ತಾಗಿದ್ದು. ಮುಳುಗಡೆಗೆ ಮೊದಲೂ ಪ್ರತಿ ಮಳೆಗಾಲ ಅಲ್ಲಿ ನೆರೆ ನುಗ್ಗುತ್ತಿತ್ತಂತೆ. ಅದಕ್ಕೆ ತಕ್ಕ ಭತ್ತ ಬೇರೆಯೇ ಇತ್ತು. ನೀರು ಏರಿದಂತೆ ತಾನೂ ಎತ್ತರಕ್ಕೆ ಬೆಳೆಯುವಂಥದು. ಪೂರ್ತಿ ಮುಳುಗಿದರೂ ಎಂಟು ಹತ್ತು ದಿನ ಕೊಳೆಯದೆ ತಡೆದು, ನೆರೆ ಇಳಿದ ಮೇಲೆ ತಲೆ ಎತ್ತುವಂಥದು. ಆರು ತಿಂಗಳ ಬೆಳೆ. ಕೆಂಪು ಅಕ್ಕಿ, ಉದ್ದ ಹುಲ್ಲು. ಗದ್ದೆ ಮುಳುಗಿದ ಮೇಲೆ ಬೇರೆಯವರು ಆ ಬೀಜ ಬಿಟ್ಟರು. ಇವರು ಬಿಡಲಿಲ್ಲ. ಗುಡ್ಡದ ಕೆಳಗಿನ ಒಂದು ಸಣ್ಣ ಕೆರೆಯ ಬದಿಯಲ್ಲಿ, ಬೇರೊಬ್ಬರ ಮಡಿಯಲ್ಲಿ ಮೂರು ಸೀರೆ ಹಾಸಿದಷ್ಟು ಜಾಗ ಕೇಳಿಕೊಂಡು, ಬೀಜಕ್ಕೆಂದೇ ಪ್ರತಿವರ್ಷ ನೆಟ್ಟು ಕೊಯ್ಯುತ್ತಿದ್ದರು. ಅದರಲ್ಲಿ ಉಣ್ಣುವಷ್ಟು ಸಿಗುವುದಿಲ್ಲ. ಹುಲ್ಲು ಸುತ್ತಿ ಕಟ್ಟಿದ, ತಲೆದಿಂಬಿನಷ್ಟು ದೊಡ್ಡ ಮುಡೆ ಒಂದು. ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದರು.

ಗ್ರಾಮಸೇವಕರು ಆ ವಾರ ಬಂದು, ನಾಲ್ಕು ತಿಂಗಳಿಗೆ ಬರುವ ಹೊಸ ತಳಿಯ ಬೀಜ ಹಂಚಿ ಹೋಗಿದ್ದರು. ಉಳಿದವರೆಲ್ಲ ಅದನ್ನೇ ಹಾಕುವವರಿದ್ದರು.

“ಬಾಗ್ಲು ಯಾವಾಗ ಹಾಕ್ತಾರೆ, ಪೇಪರಯ್ಯ? ಅದೊಂದು ಕೇಳಿ ಹೇಳಿ. ಕಾರ್ತೀಕ ಮುಗ್ಯಾಕೆ ಮುಂಚೆ ಹಾಕ್ತಾರೆ ಅಂದ್ರೆ ನಾನೂ ಆ ಗಿಡ್ಡ ಭತ್ತಾನೇ ಹಾಕ್ತೀನಿ. ಆಮೇಲಂದ್ರೆ ನನ್ನದೇ ಹಾಕ್ತೀನಿ” ಎಂದು ಅವರು ಕೇಳಿದರು.

“ಸುಮ್ನೆ ಗಿಡ್ಡ ಭತ್ತ ಹಾಕಕ್ಕ. ಸರ್ಕಾರದ ಬಾಗ್ಲು, ಅದ್ರ ಮಾತೆಂತ ನಂಬಾದು” ಎಂದ ತಮ್ಮ.

“ಈ ಗದ್ದೆ ಇನ್ನೊಂದ್ಸಲ ಕಾಣ್ಸಾದು ಯಾವಾಗ? ನಾನಿರ್ತೀನಾ? ಇದ್ರ ಬೀಜ ಇದ್ರಾಗೇ ಒಂದ್ಸಲ ಬೆಳೀಲಿ.”

ಎರಡು ದಿನದ ನಂತರ ನಾನು ಕಟ್ಟೆಗೆ ಹೋಗಿ ಕೆಲಸದ ಮೇಲಿದ್ದ ಎಂಜಿನಿಯರನ್ನು ಕಂಡೆ. ಬಿಸಿಲಲ್ಲಿ ನಿಂತು ಮಾತಾಡಿದರು. ಸಭ್ಯರು. ನನ್ನ ಪ್ರಶ್ನೆಗೆ ಎರಡು ವಾಕ್ಯದಲ್ಲಿ ಉತ್ತರ ಕೊಟ್ಟರು. ಮೊದಲನೆಯದು, ಗೇಟುಗಳನ್ನು ಕೂರಿಸಿ ಮುಚ್ಚುವುದು ಸಂಕ್ರಾಂತಿಯ ನಂತರ. ಎರಡನೆಯದು, ಗೇಟು ಬೇಗ ಬಂದು, ವಿದ್ಯುತ್ತಿಗೆ ನೀರು ಸಾಲದೆಂದು ಮೇಲಿನಿಂದ ಹೇಳಿದರೆ ಅದಕ್ಕೂ ಮೊದಲೇ ಮುಚ್ಚಬೇಕಾದೀತು. ಎರಡನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಸಂಜೆ ಸುದ್ದಿ ಬರೆದಾಗ ಹತ್ತು ಸಾಲಾಯಿತು. ಎರಡನೆಯ ವಾಕ್ಯ ತೆಗೆದೆ. ಎಂಟಕ್ಕೆ ಬಂತು. ‘ಹಳೆಯ ಅಣೆಕಟ್ಟಿನ ಗೇಟುಗಳನ್ನು ಸಂಕ್ರಾಂತಿಯ ನಂತರ ಮುಚ್ಚಲಾಗುವುದೆಂದು ತಿಳಿದುಬಂದಿದೆ’ ಎಂದು ಮೂರನೆಯ ದಿನ ಅಚ್ಚಾಯಿತು. ಒಂದು ಪ್ರತಿಯನ್ನು ಹೊಸನಗರದ ಬಸ್ಸಿನ ಕಂಡಕ್ಟರ ಕೈಯಲ್ಲಿ ಆ ಹೆಂಗಸಿಗೆ ನಾನೇ ಕಳಿಸಿದೆ. ಒಂದು ಉಪಕಾರ ಮಾಡಿದೆ ಎಂದುಕೊಂಡಿದ್ದೆ.

ರೋಹಿಣಿ ಮಳೆಗೆ ಅವರು ಸಸಿಮಡಿ ಮಾಡಿದರು. ಅಟ್ಟದ ಮುಡೆಯ ಬಾಯಿ ಬಿಡಿಸಿ ಇಡೀ ಬೀಜ ಹಾಕಿದರು, ಒಂದು ಹಿಡಿಯನ್ನೂ ಉಳಿಸಲಿಲ್ಲ. ಕೆರೆಯ ಬದಿಯ ಮೂರು ಸೀರೆಯ ಜಾಗವನ್ನು ಆ ವರ್ಷ ಯಜಮಾನನಿಗೆ ಬಿಟ್ಟುಕೊಟ್ಟರು. ತಮ್ಮ ಹೇಳಿ ನೋಡಿದನಂತೆ, ಅರ್ಧ ಗದ್ದೆಗೆ ಇದನ್ನು ಹಾಕು, ಇನ್ನರ್ಧಕ್ಕೆ ಬೇರೆ ಹಾಕು ಎಂದು. ಒಂದೇ ಗದ್ದೆಯಲ್ಲಿ ಎರಡು ಬೀಜ ಹಾಕಿದರೆ ಬೆರಕೆಯಾಗುತ್ತದೆ, ಮುಂದಿನ ವರ್ಷಕ್ಕೆ ಯಾವುದು ಯಾವುದೋ ತಿಳಿಯುವುದಿಲ್ಲ ಎಂದು ಇವರು ಒಪ್ಪಲಿಲ್ಲ. ಕೆರೆಯ ಬದಿಯಲ್ಲಾದರೂ ಸ್ವಲ್ಪ ಇರಲಿ ಎಂದದ್ದಕ್ಕೆ, “ಮನೆಗೆ ಬಂದ್ಮೇಲೆ ಜಗಲೀಲಿ ಎಂತಕ್ಕೆ ಮಲಗಾದು” ಎಂದರಂತೆ.

ಮಳೆ ಹಿಡಿಯಿತು. ಕಟ್ಟೆಯ ಬಾಯಿಯೊಳಗೆ ಹೊಳೆ ಹರಿಯಿತು. ಆ ವರ್ಷ ಸೈಫನ್ ಸದ್ದು ಇಲ್ಲ. ಸಾಗರದ ಪೇಟೆಯಲ್ಲಿ ಜನ ಮಾತಿನ ನಡುವೆ ಒಮ್ಮೊಮ್ಮೆ ಸುಮ್ಮನಾಗಿ ಕಿವಿಗೊಟ್ಟದ್ದು ನೋಡಿದ್ದೇನೆ.

ಪುಷ್ಯ ಮಳೆಯಲ್ಲಿ ಮೂರು ದಿನ ಎಡೆಬಿಡದೆ ಸುರಿದಾಗ ಆ ಬಾಯಿ ಸಾಲದಾಯಿತು. ನೀರು ಹಿಂದಕ್ಕೆ ಒತ್ತಿ ತಗ್ಗಿನ ಗದ್ದೆಗಳೆಲ್ಲ ಮುಳುಗಿದವು. ನಾನು ಹೋಗುವ ಹೊತ್ತಿಗೆ ಎಂಟನೆಯ ದಿನ, ನೀರು ಇಳಿದಿತ್ತು. ಹೊಸ ತಳಿ ಹಾಕಿದವರಲ್ಲಿ ಕೆಳಗಿನ ಗದ್ದೆಯವರ ಪೈರು ಕೊಳೆತು ನೆಲಕ್ಕೆ ಅಂಟಿತ್ತು, ಮೇಲಿನವರದು ಉಳಿದಿತ್ತು. ಈ ಹೆಂಗಸಿನ ಗದ್ದೆ ಎಲ್ಲಕ್ಕಿಂತ ಕೆಳಗೆ. ಅದರ ಪೈರು ಕೆಸರು ಮೆತ್ತಿಕೊಂಡು ಓಲಾಡುತ್ತ ನಿಂತಿತ್ತು. ಒಂದು ಗಿಡವನ್ನು ಎರಡು ಬೆರಳಲ್ಲಿ ಹಿಡಿದು, ಕೆಸರನ್ನು ಮೇಲಿಂದ ಕೆಳಗೆ ಜಾರಿಸಿ ನನಗೆ ತೋರಿಸಿದರು. ಒಳಗೆ ಹಸಿರು.

“ನೋಡ್ದೆಯಾ ತಮ್ಮಾ? ನಿನ್ನ ಗ್ರಾಮಸೇವಕರಿಗೆ ಹೇಳು, ಈಜು ಕಲ್ಸಿ ಆಮೇಲೆ ಬೀಜ ಕೊಡಿ ಅಂತ” ಎಂದು ಪಕ್ಕದಲ್ಲಿದ್ದ ತಮ್ಮನ ಕಡೆ ತಿರುಗಿದರು.

“ಹೇಳ್ತೀನಿ. ನಿನ್ನ ಮುಡೆ ತಂದು ಆಫೀಸಾಗೆ ಇಟ್ಕಳಿ ಅಂತಾನೂ ಹೇಳ್ತೀನಿ” ಎಂದ ಅವನು. ಪೈರು ಕೊಳೆತವರೂ ನಕ್ಕರು. ಆ ದಿನದಿಂದ ಊರಿನಲ್ಲಿ ಆಕೆಯ ಮಾತಿಗೆ ಎದುರಾಡುವವರಿರಲಿಲ್ಲ. ನಾನು ಅದನ್ನೂ ಸುದ್ದಿ ಮಾಡಿದೆ. ನೆರೆಯಲ್ಲಿ ಎಂಟು ದಿನ ಉಳಿದ ನಾಡ ಭತ್ತ ಎಂದು. ಅದು ಅಚ್ಚಾಯಿತು.

ಆಶ್ವೀಜದಲ್ಲಿ ಮೇಲಿನ ಗದ್ದೆಯವರು ಹೊಸ ತಳಿಯನ್ನು ಕೊಯ್ದು ಕಣಕ್ಕೆ ತಂದರು. ಅದಾಗಿ ಕೆಲವು ದಿನಕ್ಕೆ ಭೂಮಿ ಹುಣ್ಣಿಮೆ. ಅಷ್ಟು ಹೊತ್ತಿಗೆ ನಿಂತ ಪೈರೆಂದರೆ ಇವರದೊಂದೇ. ತೆನೆ ಹೊರಗೆ ಬಂದಿತ್ತು, ಕಾಳಿನೊಳಗೆ ಇನ್ನೂ ಹಾಲು. ಭೂಮಿ ಬಸುರಿ ಎಂದು ಸೀಮಂತ ಮಾಡುವ ಹಬ್ಬ ಅದು. ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಗೆರೆ ಬರೆದ ಬುಟ್ಟಿಯಲ್ಲಿ, ಸೊಪ್ಪು ತರಕಾರಿ ಬೇಯಿಸಿದ ಅಂಬಲಿ, ಕಡುಬು ಹೊತ್ತು ಗದ್ದೆಗೆ ಹೋಗಬೇಕು. ನನಗೂ ಕರೆಯಿತ್ತು. ನಾನು ತಲುಪುವಾಗ ಬಿಸಿಲು ಬಿದ್ದಿತ್ತು. ತಮ್ಮನ ಹೆಂಡತಿಯ ಕರಿಮಣಿಯನ್ನು ಒಂದು ಪೈರಿಗೆ ತೊಡಿಸಿ ಪೂಜೆ ಮಾಡಿದ್ದರು. ಇಪ್ಪತ್ತು ವರ್ಷದ ಮೇಲೆ ತಮ್ಮ ಗದ್ದೆಯಲ್ಲಿ ಎಲೆ ಹಾಕಿ ಊಟ. ಊಟವಾದ ಮೇಲೆ ಆಕೆ ತೆನೆಗಳ ಮೇಲೆ ಅಂಗೈ ಆಡಿಸುತ್ತ ಬದುವಿನ ಮೇಲೆ ಒಂದು ಸುತ್ತು ನಡೆದರು.

ಆ ದಿನವೇ ಸಂಜೆ, ಸಾಗರದಲ್ಲಿ ಬಸ್ಸಿಳಿದಾಗ, ಎರಡು ಲಾರಿಗಳು ಪೇಟೆಯ ನಡುವೆ ನಿಧಾನಕ್ಕೆ ಹಾದುಹೋದವು. ಮೇಲೆ ಬಣ್ಣ ಹಚ್ಚಿದ ಕಬ್ಬಿಣದ ಹಲಗೆಗಳು, ಹಗ್ಗ ಬಿಗಿದು. ಏನೆಂದು ಕೇಳುವ ಅಗತ್ಯವಿರಲಿಲ್ಲ.

ಮರುದಿನ ಕಟ್ಟೆಗೆ ಹೋದೆ. ಎಂಜಿನಿಯರು ಮೊದಲಿನಷ್ಟೇ ಸಭ್ಯರಾಗಿ ಹೇಳಿದರು. ಮೇಲಿನಿಂದ ತಂತಿ ಬಂದಿದೆ, ಚಿತ್ತೆ ಮತ್ತು ಸ್ವಾತಿ ಮಳೆಯ ನೀರನ್ನು ಬಿಟ್ಟುಕೊಡುವಂತಿಲ್ಲ, ಗೇಟು ಕೂರಿಸಿದ ತಕ್ಷಣ ಮುಚ್ಚುವುದು.

“ಸಾರ್, ಮೇಲ್ಗಡೆ ಒಂದು ಗದ್ದೆಯಲ್ಲಿ ಬೆಳೆ ಇದೆ. ಇನ್ನು ನಲವತ್ತು ದಿನ ಬೇಕು” ಎಂದೆ.

“ಆ ನೆಲದಲ್ಲಿ ಬೆಳೆ ಇರಬಾರದು. ಇರಲಿ, ನಾನೇನೂ ಕೇಸು ಹಾಕುವವನಲ್ಲ. ಆದರೆ ಮೊದಲೇ ಮುಚ್ಚಬೇಕಾದೀತು ಅಂತ ನಾನು ನಿಮಗೆ ಹೇಳಿದ್ದೆನಲ್ಲ. ನೀವು ಬರಕೊಂಡಿದ್ರಿ.”

ಹೌದು, ಬರೆದುಕೊಂಡಿದ್ದೆ. ಪುಸ್ತಕ ಜೇಬಿನಲ್ಲೇ ಇತ್ತು.

ಹಳ್ಳಿಗಳಲ್ಲಿ ಡಂಗುರ ಸಾರಿದರು. ಗೇಟು ಮುಚ್ಚಿದ ದಿನ ನಾನು ಆಕೆಯ ಮನೆಗೆ ಹೋದೆ. ನೀರು ದಿನಕ್ಕೆ ಒಂದು ಗೇಣು ಏರುತ್ತದೆ, ನಾಲ್ಕೈದು ದಿನಕ್ಕೆ ಗದ್ದೆ ಮುಟ್ಟುತ್ತದೆ ಎಂದು ಕಟ್ಟೆಯ ಮೇಲಿನವರು ಹೇಳಿದ್ದನ್ನು ಹೇಳಿದೆ. ತಮ್ಮ ಆಗಲೇ ಕತ್ತಿ ಮಸೆದು ಕೂತಿದ್ದ.

“ಹುಲ್ಲಾದ್ರೂ ಆಗ್ತದೆ ಅಕ್ಕ, ಕೊಯ್ದು ಹಾಕಾಣ. ಎಮ್ಮೆಗಾದ್ರೂ ಆತು.”

“ಬಸುರಿಗೆ ಕತ್ತಿ ಹಾಕ್ತೀಯಾ? ಮೊನ್ನೆ ಸೀಮಂತ ಮಾಡಿದ್ದು ಯಾರಿಗೆ?”

“ಮುಳುಗ್ತದೆ ಅಲ್ದಾ?”

“ಮುಳುಗ್ಲಿ. ಹತ್ತು ದಿನ ತಡೀತದೆ. ನೋಡಿದ್ದೀಯಲ್ಲ.”

ಇದು ಬಾಗಿಲು ಹಾಕಿದ ನೀರು, ಇಳಿಯುವುದಿಲ್ಲ ಎಂದು ನಾನು ಹೇಳಿದೆ. ಹೇಳಿದ್ದು ಅವರಿಗೆ ತಿಳಿಯಲಿಲ್ಲವೆಂದಲ್ಲ. ಆದರೆ ಅವರು ಹುಟ್ಟಿದಂದಿನಿಂದ ಆ ಗದ್ದೆಯಲ್ಲಿ ಕಂಡ ನೀರೆಲ್ಲ ಬಂದು ಹೋಗುವ ನೀರು. ಮುಳುಗಡೆಯ ವರ್ಷವೂ ನೀರು ಬಂದದ್ದು ಫಸಲು ಕೊಯ್ದ ಮೇಲೆ, ಅವರು ಗುಡ್ಡ ಹತ್ತಿದ ಮೇಲೆ. ನಿಂತ ಪೈರಿನ ಮೇಲೆ ಬಂದು ನಿಂತುಬಿಡುವ ನೀರನ್ನು ಅವರಾಗಲಿ ಅವರ ಅಮ್ಮನಾಗಲಿ ಕಂಡಿರಲಿಲ್ಲ. ಪುಷ್ಯ ಮಳೆಯಲ್ಲಿ ಇಡೀ ಊರಿನ ಎದುರು ಗೆದ್ದ ಬೀಜ ಅದು. ಈಗ ಸೋಲುತ್ತದೆ ಎನ್ನಲು ನನ್ನ ಬಳಿ ಇದ್ದದ್ದು ಒಬ್ಬ ಎಂಜಿನಿಯರ ಮಾತು, ಮತ್ತು ಆ ಎಂಜಿನಿಯರ ಮಾತೆಂದು ನಾನು ಅಚ್ಚು ಹಾಕಿದ್ದು ಒಮ್ಮೆ ಸುಳ್ಳಾಗಿತ್ತು.

ಐದನೆಯ ದಿನ ನೀರು ಗದ್ದೆಯ ಬದು ದಾಟಿತು. ಎಂಟನೆಯ ದಿನ ತೆನೆಯ ಕುತ್ತಿಗೆ ಮುಟ್ಟಿತು. ನಾನು ಮತ್ತೆ ಹೋದದ್ದು ಹನ್ನೆರಡನೆಯ ದಿನ. ತಮ್ಮ ದೋಣಿಯನ್ನು ಮಗುಚಿ ಹಾಕಿ ನೀರಿಗಿಳಿಸಿದ್ದ. ಅವನಿಗೆ ಮತ್ತೆ ಕೆಲಸ ಬಂದಿತ್ತು. ಮೂವರೂ ಹೋದೆವು. ಮೇಲಿಂದ ನೋಡಿದರೆ ಬರೀ ನೀರು, ಬಿಸಿಲು. ಗದ್ದೆ ಎಲ್ಲಿದೆಯೆಂದು ನನಗೆ ಗೊತ್ತಾಗಲಿಲ್ಲ. ಆಕೆ ಗುಡ್ಡದ ಒಂದು ಮರ, ಆಚೆ ದಡದ ಒಂದು ಬಂಡೆ ಎರಡನ್ನೂ ನೋಡಿ ಇಲ್ಲಿ ಎಂದರು. ತೋಳು ಇಳಿಸಿ, ಹೆಗಲು ಮುಳುಗುವವರೆಗೆ ತಡವಿ, ಒಂದು ಹಿಡಿ ಪೈರನ್ನು ಎಳೆದರು. ಬೇರು ಸಮೇತ ಸಲೀಸಾಗಿ ಬಂತು. ಬುಡ ಮೆತ್ತಗಾಗಿ ವಾಸನೆ ಹೊಡೆಯುತ್ತಿತ್ತು.

“ಸಣ್ಣದಿದ್ದಾಗ ನೀರಿನ ಜೊತೀಗೆ ಓಡ್ತದೆ ಇದು. ಹೊಟ್ಟೇಲಿ ಇಟ್ಕಂಡು ಹೆಂಗೆ ಓಡ್ತದೆ. ನಂಗೆ ಗೊತ್ತಾಗ್ಬೇಕಿತ್ತು” ಎಂದರು. ಯಾರಿಗೂ ಹೇಳಿದ್ದಲ್ಲ.

ಆಮೇಲೆ ಅವರು ಕೈಗೆ ಸಿಕ್ಕಷ್ಟು ತೆನೆಗಳನ್ನು ನೀರೊಳಗಿಂದಲೇ ಮುರಿದು ಮಡಿಲಿಗೆ ಹಾಕಿಕೊಂಡರು. ತಮ್ಮ ದೋಣಿಯನ್ನು ನಿಲ್ಲಿಸಿ ಹಿಡಿದಿದ್ದ. ನಾನೂ ಮುರಿದೆ. ಎರಡು ಗಂಟೆಯಲ್ಲಿ ಒಂದು ಬುಟ್ಟಿ ತುಂಬಿತು. ಭೂಮಿ ಹುಣ್ಣಿಮೆಯ ಬುಟ್ಟಿಯೇ ಅದು, ಗೆರೆಗಳು ಇನ್ನೂ ಅಳಿಸಿರಲಿಲ್ಲ. ಅಂಗಳದಲ್ಲಿ ಚಾಪೆಯ ಮೇಲೆ ಹರಡಿ, ಕೋಳಿ ಬಾರದಂತೆ ಕೋಲು ಹಿಡಿದು ತಾವೇ ಕಾದರು. ಒಣಗಿದಾಗ ಕಾಳು ಚಪ್ಪಟೆಯಾಗಿ ಹೊಟ್ಟಿನಂತಾಯಿತು. ಅದರಲ್ಲೇ ಸ್ವಲ್ಪ ತುಂಬಿದಂತೆ ಕಂಡವನ್ನು ಆರಿಸಿ, ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ತೆಂಗಿನ ಕರಟದಲ್ಲಿ ಒಲೆಯ ಹತ್ತಿರ ಇಟ್ಟರು. ನಾಲ್ಕನೆಯ ದಿನ ಬಿಚ್ಚಿದರು, ಏಳನೆಯ ದಿನ ಬಿಚ್ಚಿದರು. ಒಂದೂ ಮೊಳೆಯಲಿಲ್ಲ.

ಆಗ ಅವರಿಗೆ ನೆನಪಾದದ್ದು ತೀರ್ಥಹಳ್ಳಿ ಕಡೆಗೆ ಕೊಟ್ಟ ಅಣ್ಣನ ಮಗಳು. ಮದುವೆಯಾಗಿ ಹೋಗುವಾಗ ಒಂದು ಸೇರು ಬೀಜವನ್ನು ಮಡಿಲಿಗೆ ಕಟ್ಟಿ ಕಳಿಸಿದ್ದರಂತೆ. ಅವರದೂ ತುಂಗೆಯ ದಂಡೆಯ ಗದ್ದೆ. ಬೀಜ ಅಂದರೆ ಕೊಟ್ಟಷ್ಟೂ ಉಳಿಯುವಂಥದು, ಅಲ್ಲಿ ಇದ್ದೇ ಇರುತ್ತದೆ ಎಂದರು. ತಮ್ಮ ದೋಣಿ ಬಿಟ್ಟು ಹೋಗುವಂತಿರಲಿಲ್ಲ. ತೀರ್ಥಹಳ್ಳಿಗೆ ಹೇಗೂ ಹೋಗಲಿಕ್ಕಿದೆ, ನಾನು ಕೇಳಿಕೊಂಡು ಬರುತ್ತೇನೆ ಎಂದೆ. ಹೇಗೂ ಹೋಗಲಿಕ್ಕೇನೂ ಇರಲಿಲ್ಲ. ಆಕೆ ಖಾಲಿ ಮುಡೆಯ ಹುಲ್ಲನ್ನು ಬಿಚ್ಚದೆ ಇಟ್ಟಿದ್ದರು, ಅದನ್ನೇ ಕೊಟ್ಟು, “ಇದ್ರಾಗೇ ಹಾಕಿಸ್ಕಂಡು ಬನ್ನಿ, ಬೆರಕೆ ಆಗ್ದಂಗೆ” ಎಂದರು.

ಹೊಸನಗರದಲ್ಲಿ ಬಸ್ಸು ಬದಲಿಸಿ ತೀರ್ಥಹಳ್ಳಿ ತಲುಪಿದೆ. ಅಲ್ಲಿಂದ ಮಂಡಗದ್ದೆಯ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ ನಡೆಯಬೇಕು. ಆ ಹೆಣ್ಣುಮಗಳು ಈಗ ನಾಲ್ಕು ಮಕ್ಕಳ ತಾಯಿ. ಮಜ್ಜಿಗೆ ಕೊಟ್ಟಳು. ಅತ್ತೆ ಹೇಗಿದ್ದಾರೆ ಎಂದು ಎರಡು ಸಲ ಕೇಳಿದಳು. ನಾನು ಬಂದ ಕಾರಣ ಹೇಳಿ, ಮುಡೆಯ ಹುಲ್ಲು ತೋರಿಸಿದಾಗ ಅದನ್ನು ಕೈಗೆ ತೆಗೆದುಕೊಂಡಳು.

“ಎರಡು ವರ್ಷ ಆತು ಬಿಟ್ಟು. ಆರು ತಿಂಗಳು ಗದ್ದೆ ಹಿಡ್ಕಂಡು ಕೂರ್ತದೆ ಅಂತ ಮನೇಲಿ ಬೇಡ ಅಂದ್ರು. ಉಳ್ದಿದ್ದನ್ನ ಕುಟ್ಟಿ ಅಕ್ಕಿ ಮಾಡಿದ್ವಿ” ಎಂದಳು. ಹುಲ್ಲನ್ನು ನನಗೆ ವಾಪಸು ಕೊಡುತ್ತ, “ಅತ್ತೆ ಹತ್ರ ಇದ್ದೇ ಇರ್ತದಲ್ಲ ಅಂತ ಅಂದ್ಕಂಡಿದ್ದೆ” ಎಂದಳು.

ಅಟ್ಟ, ಕಣಜದ ಮೂಲೆ, ಹಳೆಯ ಬುಟ್ಟಿಗಳ ತಳ ಎಲ್ಲವನ್ನೂ ನನ್ನ ಎದುರೇ ತಡಕಿದಳು. ಸಿಗಲಿಲ್ಲ.

ಮರುದಿನ ಮಧ್ಯಾಹ್ನ ಗುಡ್ಡದ ಮನೆಗೆ ಹೋದೆ. ಆಕೆ ಜಗಲಿಯ ಮೇಲೆ ಕೂತಿದ್ದರು. ನನ್ನ ಕೈಯಲ್ಲಿ ಮುಡೆಯ ಹುಲ್ಲು ಹೋದ ಹಾಗೆಯೇ ಹಗುರಾಗಿ ತೂಗುತ್ತಿದ್ದುದನ್ನು ದೂರದಿಂದಲೇ ನೋಡಿದರು. ನಾನು ಹೇಳುವುದನ್ನು ಪೂರ್ತಿ ಹೇಳಿದೆ. ಅಣ್ಣನ ಮಗಳ ಮಕ್ಕಳು ಎಷ್ಟು, ಎಷ್ಟೆಷ್ಟು ದೊಡ್ಡವರು ಎಂದು ಕೇಳಿದರು. ಹೇಳಿದೆ. ಹುಲ್ಲನ್ನು ತಗೊಂಡು ಪಕ್ಕದಲ್ಲಿಟ್ಟುಕೊಂಡರು.

ಆಮೇಲೆ ಒಳಗೆ ಹೋಗಿ, ನಾನು ವೈಶಾಖದಲ್ಲಿ ಕಳಿಸಿದ್ದ ಪತ್ರಿಕೆಯ ಹಾಳೆಯನ್ನು ತಂದರು. ಮಡಿಕೆಗಳು ಹೊಗೆಗೆ ಕಂದಾಗಿದ್ದವು. ಅದನ್ನೂ ಅಟ್ಟದಲ್ಲೇ ಇಟ್ಟಿದ್ದರು.

“ಇನ್ನೊಂದ್ಸಲ ಓದಿ. ನಮ್ಮ ತಮ್ಮ ಓದಿದ್ದು ಸರಿ ಇತ್ತೇನೋ ನೋಡಾಣ.”

ಎಂಟು ಸಾಲನ್ನೂ ಓದಿದೆ. ತಮ್ಮ ಸರಿಯಾಗಿಯೇ ಓದಿದ್ದ. ಹಾಳೆಯನ್ನು ಮಡಚಿ ಕೊಟ್ಟು ಎದ್ದುಬಿಡಬಹುದಿತ್ತು. ಆದರೆ ನಾನು ಜೇಬಿನಿಂದ ನನ್ನ ಪುಸ್ತಕ ತೆಗೆದು, ಆ ದಿನದ ಪುಟ ಹುಡುಕಿ, ಎಂಜಿನಿಯರು ಹೇಳಿದ ಎರಡನೆಯ ವಾಕ್ಯವನ್ನೂ ಓದಿದೆ.

“ಇದೂ ಹೇಳಿದ್ರಾ ಅವ್ರು?”

“ಹೇಳಿದ್ದರು, ಅಮ್ಮ.”

“ಮತ್ತೆ ಪೇಪರಾಗೆ ಇಲ್ಲ?”

“ಜಾಗ ಇರಲಿಲ್ಲ. ನಾನೇ ತೆಗೆದೆ.”

ಅವರು ನನ್ನ ಮುಖ ನೋಡಲಿಲ್ಲ. ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಓದು ಬಾರದವರು ನೋಡುವಂತೆ ಅಕ್ಷರಗಳ ಮೇಲೆಲ್ಲ ಒಂದೇ ಸಮ ಕಣ್ಣಾಡಿಸಿದರು.

“ಎಷ್ಟು ಜಾಗ ಬೇಕಿತ್ತು ಅದಕ್ಕೆ?”

ಸುದ್ದಿ ಮುಗಿದ ಕಡೆ ಎರಡು ಬೆರಳನ್ನು ಅಡ್ಡ ಇಟ್ಟು ತೋರಿಸಿದೆ. ನಾನು ಕೈ ತೆಗೆದ ಮೇಲೆ ಅವರು ತಮ್ಮ ಎರಡು ಬೆರಳನ್ನು ಅಲ್ಲೇ ಇಟ್ಟು ನೋಡಿದರು. ನೀರಲ್ಲಿ ತೆನೆ ಮುರಿದ ಗಾಯಗಳು ಬೆರಳ ಮೇಲೆ ಇನ್ನೂ ಮಾಯ್ದಿರಲಿಲ್ಲ.

“ಇಲ್ಲಿ ಈಗ ಎಂತ ಇದೆ?”

“ಟೂರಿಂಗ್ ಟಾಕೀಸಿನ ಜಾಹೀರಾತು.”

ಅವರು ತಲೆಯಾಡಿಸಿದರು. ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ನನ್ನ ಕೈಗಿತ್ತರು.

“ನಮಗೆ ಓದಾಕೆ ಬರಾದಿಲ್ಲ. ಇದು ನಿಮ್ಮ ಹತ್ರನೇ ಇರ್ಲಿ” ಎಂದು ಹೇಳಿ, ಮುಡೆಯ ಹುಲ್ಲನ್ನು ಎತ್ತಿಕೊಂಡು ಕೊಟ್ಟಿಗೆಗೆ ನಡೆದರು. ಅದನ್ನು ಬಿಚ್ಚಿ ಎಮ್ಮೆಯ ಮುಂದೆ ಹಾಕಿದ್ದು ನನಗೆ ಜಗಲಿಯಿಂದ ಕಾಣುತ್ತಿತ್ತು.